ಸೆಟ್‌ನಲ್ಲಿ ಚಿತ್ರ ಕಾಣದವರು ಒಬ್ಬರೇ

ಫ್ಯಾಷನ್ ಶೂಟ್ ನಡೆಯುವ ಕಡೆ ಒಂದು ಮೂಲೆಯಲ್ಲಿ ಸುಮ್ನೆ ನಿಂತು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ಗೆ ಉದ್ದನೆಯ ಕೇಬಲ್ ಹೋಗಿರುತ್ತದೆ. ತೆಗೆದ ಚಿತ್ರ ಕ್ಷಣದಲ್ಲಿ ಮಾನಿಟರ್ ಮೇಲೆ ಬರುತ್ತದೆ. ಬಟ್ಟೆ ಆರಿಸಿ ಹಾಕಿಸುವ ಸ್ಟೈಲಿಸ್ಟ್ ನೋಡುತ್ತಾರೆ, ಮೇಕಪ್ ಮಾಡಿದವರು ನೋಡುತ್ತಾರೆ, ಬ್ರ್ಯಾಂಡಿನಿಂದ ಬಂದವರು ನೋಡುತ್ತಾರೆ. ರಿಫ್ಲೆಕ್ಟರ್ ಹಿಡಿದ ಹುಡುಗನೂ ಕತ್ತು ಚಾಚಿ ನೋಡುತ್ತಾನೆ. ನೋಡದೇ ಇರುವವರು ಮಾಡೆಲ್ ಒಬ್ಬರೇ. ಅವರಿಗೆ ಕಾಣುವುದು ಕಣ್ಣು ಕುಕ್ಕುವ ಲೈಟು, ಲೆನ್ಸಿನ ಗಾಜು, ಆಮೇಲೆ ನಮ್ಮ ಮುಖಗಳು. ಅಷ್ಟೇ.

ಇದು ನನ್ನ ತಲೆಯಲ್ಲಿ ತುಂಬಾ ದಿನದಿಂದ ಕೊರೆಯುತ್ತಿದೆ. ಶೂಟ್ ನಡೆಸುವುದರ ಬಗ್ಗೆ ಮಾತು ಬಂದರೆ ಲೆನ್ಸ್ ಯಾವುದು, ಲೈಟ್ ಎಷ್ಟು ಅಂತ ಶುರುವಾಗುತ್ತದೆ. ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ಚೆನ್ನಾಗಿ ಬಂದ ದಿನಗಳನ್ನೂ ಎಳೆದಾಡಿದ ದಿನಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ, ವ್ಯತ್ಯಾಸ ಇರುವುದು ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು ಅನ್ನುವುದರಲ್ಲಿ. ಫೋಟೋಗ್ರಾಫರ್ ನಾಲ್ಕು ಫ್ರೇಮ್ ತೆಗೆದು ಕ್ಯಾಮೆರಾ ಇಳಿಸಿ ಹಿಂದಿನ ಸ್ಕ್ರೀನ್ ನೋಡುತ್ತಾರೆ. ಹುಬ್ಬು ಗಂಟಾಗುತ್ತದೆ. ಅವರು ನೋಡುತ್ತಿರುವುದು ಹಿಸ್ಟೋಗ್ರಾಮ್, ಅಂದರೆ ಬೆಳಕಿನ ಲೆಕ್ಕ ತೋರಿಸುವ ಗ್ರಾಫ್ ಇರಬಹುದು, ಹಿಂದೆ ಇಳಿಬಿಟ್ಟ ಪೇಪರ್‌ನ ಸುಕ್ಕು ಇರಬಹುದು. ಎದುರಿಗಿದ್ದವರಿಗೆ ಕಾಣುವುದು ಗಂಟಾದ ಹುಬ್ಬು ಮಾತ್ರ. ನಾನು ಚೆನ್ನಾಗಿ ಕಾಣುತ್ತಿಲ್ಲ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು? ಮುಂದಿನ ಫ್ರೇಮಿನಲ್ಲಿ ನೋಡಿ, ಭುಜ ಒಂದು ಬೆರಳಷ್ಟು ಮೇಲಕ್ಕೆ ಹೋಗಿರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಕಾರು ರಿವರ್ಸ್ ತೆಗೆಯುವಾಗ ಹಿಂದೆ ನಿಂತು "ಬನ್ನಿ, ಬನ್ನಿ, ಸ್ವಲ್ಪ ಕಟ್ ಮಾಡಿ" ಅನ್ನುತ್ತಿದ್ದವರು ದಿಢೀರನೆ ಸುಮ್ಮನಾದರೆ ಹೇಗಿರುತ್ತದೆ? ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತದೆ. ಅದೇ ಇಲ್ಲಿ ಭುಜದಲ್ಲಿ ಆಗುತ್ತದೆ.

ಅದಕ್ಕೇ ಸ್ಕ್ರೀನ್ ನೋಡುವಾಗ ಬಾಯಿ ಮುಚ್ಚಬಾರದು. "ಲೈಟ್ ನೋಡ್ತಿದ್ದೀನಿ, ನೀವು ಆರಾಮಾಗಿರಿ" ಅಂದರೆ ಸಾಕು. ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ, ಯಾವ ಕೋರ್ಸೂ ಬೇಕಿಲ್ಲ. ಆದರೂ ಎಷ್ಟು ಜನ ಫೋಟೋಗ್ರಾಫರ್‌ಗಳು ಇದನ್ನು ಮಾಡುವುದಿಲ್ಲ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಕೆಲಸದಲ್ಲಿ ಮುಳುಗಿರುವುದೇ ಗಂಭೀರತೆ ಅಂದುಕೊಂಡಿರುತ್ತಾರೆ ಅಂತ ಕಾಣುತ್ತದೆ.

ಎಡಕ್ಕೆ ತಿರುಗಿ ಅಂದರೆ ಯಾರ ಎಡ?

ಎದುರು ನಿಂತವರ ಎಡ ನನಗೆ ಬಲ. ಲೈಟಿನ ಬಿಸಿಯಲ್ಲಿ, ಹಿಮ್ಮಡಿ ಎತ್ತರದ ಶೂ ಹಾಕಿ ನಿಂತವರು ಈ ಲೆಕ್ಕ ಯಾಕೆ ಮಾಡಬೇಕು? ನಾನು ಎಡ ಬಲ ಅನ್ನುವುದನ್ನೇ ಬಿಟ್ಟಿದ್ದೇನೆ. ಕಿಟಕಿ ಕಡೆ, ಬಾಗಿಲ ಕಡೆ, ದೊಡ್ಡ ಲೈಟಿನ ಕಡೆ. ಗದ್ದ ಇಳಿಸಬೇಕಿದ್ದರೆ ನನ್ನ ಗದ್ದವನ್ನೇ ಇಳಿಸಿ ತೋರಿಸುತ್ತೇನೆ. ಸೊಂಟ ತಿರುಗಿಸಬೇಕಿದ್ದರೆ ನನ್ನ ಸೊಂಟ. ನೋಡಿದವರಿಗೆ ನಗು ಬರುತ್ತದೆ, ಬರಲಿ. ಇನ್ನೊಂದು ಮಾತಿದೆ, "ಸ್ವಲ್ಪ ಕಾನ್ಫಿಡೆಂಟ್ ಆಗಿರಿ". ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಅಂತ ಅದರಲ್ಲಿ ಏನೂ ಇಲ್ಲ. "ಭಾರ ಪೂರ್ತಿ ಹಿಂದಿನ ಕಾಲಿಗೆ ಬಿಡಿ. ಹೆಬ್ಬೆರಳು ಹೊರಗಿರಲಿ, ಉಳಿದ ಬೆರಳು ಜೇಬಿಗೆ ಹೋಗಲಿ. ಈಗ ಉಸಿರು ಬಿಟ್ಟು ಈ ಕಡೆ ನೋಡಿ" ಅಂದರೆ ಮಾಡುವುದಕ್ಕೆ ಕೆಲಸ ಸಿಕ್ಕಿತು. ಅದು ಕಾನ್ಫಿಡೆಂಟ್ ಆಗಿ ಕಾಣುತ್ತದೋ ಇಲ್ಲವೋ ಅನ್ನುವ ಚಿಂತೆ ನನ್ನದಾಗಿರಲಿ. ಅದನ್ನು ಯಾಕೆ ಅವರ ತಲೆಗೆ ಕಟ್ಟಬೇಕು?

ಮಾತೇ ಇಲ್ಲದೆ ಇದನ್ನು ಮಾಡಿದವರಿದ್ದಾರೆ. ಮಾರ್ಟಿನ್ ಮುಂಕಾಚಿ ಹಂಗೇರಿಯವರು, ಆಟೋಟಗಳ ಫೋಟೋ ತೆಗೆದು ಹೆಸರಾದವರು. 1933ರಲ್ಲಿ ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್ ಕಡಲತೀರದಲ್ಲಿ ಈಜುಡುಗೆಯ ಚಿತ್ರ ತೆಗೆಯಬೇಕಿತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಕೈಸನ್ನೆ ಮಾಡುತ್ತಲೇ ಇದ್ದರಂತೆ. ಮಾಡೆಲ್ ಲುಸೀಲ್ ಬ್ರೋಕಾ ತಮ್ಮ ಕಡೆಗೆ ಓಡಿ ಬರಬೇಕು ಅನ್ನುವುದು ಅವರ ಆಸೆ ಅಂತ ಕೊನೆಗೆ ಎಲ್ಲರಿಗೂ ಹೊಳೆಯಿತು. ಚಳಿಯ ದಿನ ಬೇರೆ. ಆಕೆ ಓಡಿದರು, ಹೆಗಲ ಮೇಲಿನ ಕೇಪ್ ಹಿಂದಕ್ಕೆ ಹಾರಿತು. ಅಲ್ಲಿಯವರೆಗೆ ಫ್ಯಾಷನ್ ಚಿತ್ರ ಅಂದರೆ ಬಹುಮಟ್ಟಿಗೆ ಸ್ಟುಡಿಯೋ ಒಳಗೆ ಅಲ್ಲಾಡದೆ ನಿಲ್ಲುವುದು ಅಂತಿತ್ತು. ಈ ಓಟದ ಮೇಲೆ ತುಂಬಾ ಬರೆದಿದ್ದಾರೆ. ನನಗೆ ಹಿಡಿಸುವುದು ಆ ಕೈಸನ್ನೆ. "ಓಡಿ" ಅನ್ನುವುದು ಎಂಥ ಸ್ಪಷ್ಟ ಸೂಚನೆ ನೋಡಿ. ಓಡುವವರಿಗೆ ತಾವು ಹೇಗೆ ಕಾಣುತ್ತಿದ್ದೇವೆ ಅಂತ ಯೋಚಿಸಲು ಪುರುಸೊತ್ತೇ ಇರುವುದಿಲ್ಲ.

ಒಂದು ಶೂಟ್‌ನಲ್ಲಿ ಉದ್ದನೆಯ ಸ್ಯಾಟಿನ್ ಗೌನ್ ಇತ್ತು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿದದ್ದು. ಮೈಮೇಲೆ ನೀರಿನ ಹಾಗೆ ಇಳಿಯುವ ಜಾತಿ. ಹಾಕಿಕೊಂಡವರು ಈ ಕೆಲಸಕ್ಕೆ ಹೊಸಬರು. ಗೌನ್ ಅವರಿಗೆ ಸ್ವಲ್ಪ ದೊಡ್ಡದು, ಹಾಗಾಗಿ ಬೆನ್ನಿನ ಉದ್ದಕ್ಕೂ ಕ್ಲಿಪ್ಪುಗಳು. ಈ ಲೋಕದಲ್ಲಿ ಇದು ಮಾಮೂಲು. ಶೂಟಿಗೆ ಸ್ಯಾಂಪಲ್ ಬಟ್ಟೆ ಬರುವುದು ಒಂದೇ ಅಳತೆಯಲ್ಲಿ, ಮುಂದಿನಿಂದ ಹೊಲಿಸಿದ ಹಾಗೆ ಕಂಡರೆ ಆಯಿತು, ಹಿಂದೆ ಕ್ಲಿಪ್ಪು, ಪಿನ್ನು, ಟೇಪು ಏನಿದ್ದರೂ ನಡೆಯುತ್ತದೆ. ಆದರೆ ಬೆನ್ನಿಗೆ ಅಷ್ಟು ಕ್ಲಿಪ್ ಇಟ್ಟುಕೊಂಡವರು ಅಲ್ಲಾಡುವುದಿಲ್ಲ. ಎಲ್ಲಿ ಬಿದ್ದುಹೋಗುತ್ತದೋ ಅನ್ನುವ ಭಯ. ಉಸಿರು ಕೂಡ ಮೇಲೆ ಮೇಲೆ. ಸ್ಟೈಲಿಸ್ಟ್ ಇದನ್ನು ನನಗಿಂತ ಮೊದಲು ಕಂಡರು. ಕ್ಲಿಪ್ಪೆಲ್ಲ ತೆಗೆದು, ಸೂಜಿ ತಗೊಂಡು, ನಿಂತಲ್ಲೇ ಬೆನ್ನಿಗೆ ಕಚ್ಚಾ ಹೊಲಿಗೆ ಹಾಕಿದರು. "ಈಗ ನೀವು ಕುಣಿದರೂ ಬೀಳಲ್ಲ" ಅಂದರು. ಆಮೇಲೆ ಅವರಿಗೆ ಒಂದೇ ಕೆಲಸ ಹೇಳಿದೆವು. ಗೋಡೆ ಹತ್ತಿರದಿಂದ ನಡೆದು ಬನ್ನಿ, ಟೇಪ್ ಹಾಕಿದ ಕಡೆ ನಿಲ್ಲಿ, ತಿರುಗಿ ಹೋಗಿ. ಮತ್ತೆ ಬನ್ನಿ. ಮತ್ತೆ ಹೋಗಿ. ಅವರು ನಿಂತ ಮೇಲೂ ಗೌನಿನ ಅಂಚು ನಿಲ್ಲುತ್ತಿರಲಿಲ್ಲ. ಅರ್ಧ ಕ್ಷಣ ತಡವಾಗಿ ಮುಂದಕ್ಕೆ ಬಂದು, ಕಾಲಿಗೆ ಸುತ್ತಿಕೊಂಡು, ಆಮೇಲೆ ಇಳಿಯುತ್ತಿತ್ತು. ಚಿತ್ರ ಇದ್ದದ್ದು ಆ ಅರ್ಧ ಕ್ಷಣದಲ್ಲಿ. ಮುಖ ಆಗಲೇ ನಿರಾಳವಾಗಿದೆ, ಬಟ್ಟೆ ಇನ್ನೂ ನಡೆಯುತ್ತಿದೆ. ಆ ಲುಕ್ಕಿನಲ್ಲಿ, ಅಂದರೆ ಆ ಬಟ್ಟೆ ಮತ್ತು ಮೇಕಪ್ಪಿನಲ್ಲಿ, ಆರಿಸಿದ ಚಿತ್ರಗಳೆಲ್ಲ ಅಲ್ಲಿಂದಲೇ ಬಂದವು.

ನಡೆದಾಡಲು ಬಿಡಬೇಕು ಅಂದರೆ ಲೈಟೂ ಅದಕ್ಕೆ ತಕ್ಕ ಹಾಗೆ ಇರಬೇಕು. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗವಾಗುತ್ತದೆ, ಇದು ಎಲ್ಲರೂ ಓದಿದ್ದೇ. ಲೈಟ್ 1 ಮೀಟರ್ ದೂರದಲ್ಲಿದ್ದಾಗ ಮಾಡೆಲ್ ಇನ್ನೊಂದು ಮೀಟರ್ ಹಿಂದೆ ಸರಿದರೆ ಮುಖ ಕತ್ತಲಾಗುತ್ತದೆ. ಅದೇ ಲೈಟನ್ನು 4 ಮೀಟರ್ ಹಿಂದೆ ಇಟ್ಟು ಪವರ್ ಏರಿಸಿ. ಈಗ ಅವರು ಒಂದು ಮೀಟರ್ ಸರಿದರೂ ಬೆಳಕು ಮೂರನೇ ಎರಡು ಭಾಗದ ಹತ್ತಿರ ಉಳಿದಿರುತ್ತದೆ. ತಲೆಯಿಂದ ಶೂವರೆಗೂ ಬೆಳಕು ಹೆಚ್ಚುಕಡಿಮೆ ಸಮನಾಗಿಯೂ ಬೀಳುತ್ತದೆ. ಹತ್ತಿರ ಇಟ್ಟ ಸಾಫ್ಟ್‌ಬಾಕ್ಸ್ (ಲೈಟಿಗೆ ಹಾಕುವ ಬಿಳಿ ಬಟ್ಟೆಯ ಪೆಟ್ಟಿಗೆ) ಕೊಡುವ ಮೆತ್ತನೆಯ ನೆರಳು ಸಿಗುವುದಿಲ್ಲ ನಿಜ. ನನ್ನ ಮಟ್ಟಿಗೆ ಆ ವ್ಯಾಪಾರ ಲಾಭದ್ದೇ. "ಟೇಪ್ ಬಿಟ್ಟು ಅಲ್ಲಾಡಬೇಡಿ" ಅಂತ ಹೇಳಿ ಆಮೇಲೆ "ಸಹಜವಾಗಿರಿ" ಅನ್ನುವುದು ಯಾವ ನ್ಯಾಯ?

ಪೂರ್ತಿ ಉದ್ದದ ಚಿತ್ರಕ್ಕೆ ಇನ್ನೊಂದು ತಾಪತ್ರಯ ಇದೆ. ಅಗಲದ ಲೆನ್ಸ್ ಹಾಕಿ ಕಣ್ಣಿನ ಎತ್ತರದಿಂದ ಹತ್ತಿರದಲ್ಲಿ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ. ಹಾಗಾಗಿ 85 ಎಂಎಂ ಲೆನ್ಸ್ ಹಾಕಿ, ದೂರ ಹೋಗಿ, ಕ್ಯಾಮೆರಾವನ್ನು ಸೊಂಟದ ಎತ್ತರಕ್ಕೆ ಇಳಿಸುವುದು ರೂಢಿ. ಅನುಪಾತ ಸರಿಯಾಗುತ್ತದೆ. ಆದರೆ ಅಷ್ಟು ದೂರದಿಂದ, ಸೆಟ್‌ನಲ್ಲಿ ಹಾಕಿದ ಹಾಡಿನ ಸದ್ದಿನ ಮೇಲೆ ಕೂಗಬೇಕು. "ಸೂಪರ್, ಹಾಗೇ ಇರಿ!" ಅಂತ ಕೂಗಿದರೂ ಬೈದ ಹಾಗೇ ಕೇಳುತ್ತದೆ. ನಾನು ಹಾಡಿನ ವಾಲ್ಯೂಮ್ ಇಳಿಸುವ ಪಾರ್ಟಿ. ಹಾಡು ಬೇಕು ಅನ್ನುವವರ ಜೊತೆ ಈ ವಿಷಯದಲ್ಲಿ ಪ್ರತಿ ಸಲ ಜಗಳ.

ಕರಿ ಪ್ಯಾಂಟು ಬಣ್ಣ ಬದಲಿಸಿದ್ದು

ಮಾಡೆಲ್‌ಗೆ ಚಿತ್ರ ಕಾಣುವುದಿಲ್ಲ ಅಂದೆ. ಮಿಕ್ಕವರಿಗೆ ಚಿತ್ರ ಕಾಣುತ್ತದೆ, ಆದರೆ ಎದುರಿಗಿರುವ ಬಟ್ಟೆಗೂ ಪರದೆ ಮೇಲಿನ ಬಟ್ಟೆಗೂ ಹೊಂದುವುದಿಲ್ಲ. ಆಗ ಶುರುವಾಗುವ ಅನುಮಾನ ಇನ್ನೂ ಕೆಟ್ಟದ್ದು. ಒಮ್ಮೆ ಕರಿ ಜಾಕೆಟ್, ಕರಿ ಪ್ಯಾಂಟ್ ಇತ್ತು. ಜಾಕೆಟ್ ಉಣ್ಣೆ, ಪ್ಯಾಂಟ್ ಪಾಲಿಯೆಸ್ಟರ್. ಕಣ್ಣಿಗೆ ಎರಡೂ ಒಂದೇ ಕಪ್ಪು. ಮಾನಿಟರ್‌ನಲ್ಲಿ ನೋಡಿದರೆ ಪ್ಯಾಂಟು ಮರೂನ್ ಬಣ್ಣಕ್ಕೆ ತಿರುಗಿದೆ. ಮೊದಲು ಎಲ್ಲರೂ ಸ್ಟೈಲಿಸ್ಟ್ ಕಡೆ ನೋಡಿದರು, ಬೇರೆ ಪ್ಯಾಂಟ್ ಕೊಟ್ಟರೇನೋ ಅಂತ. ಅವರು ಪ್ಯಾಂಟಿನ ಲೇಬಲ್ ತಿರುಗಿಸಿ ತೋರಿಸಿದರು. ಬ್ರ್ಯಾಂಡಿನವರು ಹೊಲಿಗೆ ಘಟಕಕ್ಕೆ ಫೋನ್ ಮಾಡುವುದಕ್ಕೇ ಹೊರಟರು. ಮಧ್ಯದಲ್ಲಿ ನಿಂತ ಮಾಡೆಲ್ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದಾರೆ, ಏನಾಯಿತು ಅಂತ ಹೇಳುವವರಿಲ್ಲ.

ಪ್ಯಾಂಟಿನ ತಪ್ಪೇನೂ ಇರಲಿಲ್ಲ. ಸಿಂಥೆಟಿಕ್ ಬಟ್ಟೆಗೆ ಹಾಕುವ ಕೆಲವು ಕಪ್ಪು ಬಣ್ಣಗಳು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಹೀರಿಕೊಂಡು ಇನ್‌ಫ್ರಾರೆಡ್ಡನ್ನು ವಾಪಸ್ ಕಳಿಸುತ್ತವೆ. ನಮಗೆ ಅದು ಕಾಣದು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ಗೆ ಕಾಣುತ್ತದೆ. ಅದನ್ನು ತಡೆಯಲು ಸೆನ್ಸರ್ ಮುಂದೆ ಒಂದು ಫಿಲ್ಟರ್ ಇರುತ್ತದೆ, ಅದು ಸಾಕಷ್ಟು ತಡೆಯದಿದ್ದರೆ ಕಪ್ಪು ನೇರಳೆಗೋ ಮರೂನ್‌ಗೋ ಹೋಗುತ್ತದೆ. 2006ರಲ್ಲಿ ಬಂದ ಲೈಕಾ ಎಂ8 ಕ್ಯಾಮೆರಾದಲ್ಲಿ ಇದು ಎಷ್ಟು ಜಾಸ್ತಿ ಇತ್ತು ಅಂದರೆ, ಕಂಪನಿ ಕೊಂಡವರಿಗೆ ಲೆನ್ಸ್ ಮುಂದೆ ಹಾಕುವ ಫಿಲ್ಟರ್‌ಗಳನ್ನು ಪುಕ್ಕಟೆ ಕೊಡಬೇಕಾಯಿತು. ನಾವು ಆವತ್ತು ಹಾಕಿದ್ದು ಹಾಲೋಜನ್ ಲೈಟ್, ಅದರಲ್ಲಿ ಇನ್‌ಫ್ರಾರೆಡ್ ಧಾರಾಳ. ಅದನ್ನು ಆರಿಸಿ ಎಲ್‌ಇಡಿ ಹಾಕಿದೆವು. ಪ್ಯಾಂಟು ಮತ್ತೆ ಕಪ್ಪಾಯಿತು. ಫೋನ್ ಹಿಡಿದು ನಿಂತಿದ್ದವರು ಫೋನ್ ಒಳಗಿಟ್ಟರು.

ಇಂಥ ಆಟ ಆಡುವ ಬಟ್ಟೆಗಳು ಬೇರೆಯೂ ಇವೆ. ಸಣ್ಣ ಚೌಕಳಿಯ ಜಾಕೆಟ್ ಮೇಲೆ ಕಾಮನಬಿಲ್ಲಿನ ಅಲೆ ಏಳುತ್ತದೆ. ನೇಯ್ಗೆಯ ಗೆರೆಗಳೂ ಸೆನ್ಸರ್‌ನ ಸಾಲುಗಳೂ ಒಂದರ ಮೇಲೊಂದು ಕೂತು ಆಗುವ ಮೊಯ್ರೆ ಅದು. ಎರಡು ಹೆಜ್ಜೆ ಹಿಂದೆ ಹೋದರೆ, ಇಲ್ಲವೇ ಕೋನ ಚೂರು ಬದಲಿಸಿದರೆ ಬಹಳ ಸಲ ಹೋಗುತ್ತದೆ. ಕೆಲವೊಮ್ಮೆ ಅದು ಚಿತ್ರದಲ್ಲೇ ಇರುವುದಿಲ್ಲ, ಮಾನಿಟರ್‌ನಲ್ಲಿ ಕಿರಿದಾಗಿ ತೋರಿಸುವಾಗ ಮಾತ್ರ ಹುಟ್ಟಿರುತ್ತದೆ. 100 ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿಯೇ ಗಾಬರಿಯಾಗಬೇಕು. ಅಪ್ಪಟ ಬಿಳಿ ಬಟ್ಟೆ ಫ್ಲ್ಯಾಷ್ ಬೆಳಕಿನಲ್ಲಿ ನೀಲಿಗೆ ವಾಲುವುದಿದೆ. ಬಿಳುಪು ಹೆಚ್ಚಿಸಲು ಹಾಕಿದ ರಾಸಾಯನಿಕ ಫ್ಲ್ಯಾಷ್‌ನ ನೇರಳಾತೀತ ಕಿರಣಕ್ಕೆ ಹೊಳೆಯುತ್ತದೆ. ಕಪ್ಪು ವೆಲ್ವೆಟ್‌ಗೆ ಪಕ್ಕದಿಂದ ಬೆಳಕು ಹಾಕದಿದ್ದರೆ ಅಲ್ಲೊಂದು ತೂತು ಬಿದ್ದ ಹಾಗೆ ಕಾಣುತ್ತದೆ. ಶೂಟಿಗೆ ಮುಂಚೆ ಪ್ರತಿ ಬಟ್ಟೆಯನ್ನೂ ಹ್ಯಾಂಗರ್‌ನಲ್ಲೇ ಇಟ್ಟು, ಅದೇ ಲೈಟಿನಲ್ಲಿ, ಬಣ್ಣದ ಚಾರ್ಟ್ ಪಕ್ಕ ಒಂದು ಫ್ರೇಮ್ ತೆಗೆದರೆ ಇದರಲ್ಲಿ ಮುಕ್ಕಾಲು ಪಾಲು ಮುಂಚೆಯೇ ಗೊತ್ತಾಗುತ್ತದೆ. ಆ ಹೊತ್ತಿಗೆ ಮಾಡೆಲ್ ಮೇಕಪ್ ಕುರ್ಚಿಯಲ್ಲೇ ಇರುತ್ತಾರೆ, ಸಮಯವೂ ಹಾಳಾಗುವುದಿಲ್ಲ.

ಲುಕ್‌ಗಳ ಸರದಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಕಾಮನ್ ಸೆನ್ಸ್. ತೆಳು ಮೇಕಪ್ ಮೊದಲು, ಗಾಢವಾದದ್ದು ಆಮೇಲೆ. ಕೂದಲು ಒದ್ದೆ ಮಾಡುವುದು ಕೊನೆಗೆ. ಲಿನನ್ ಹಾಕಿದವರನ್ನು ಕೂರಿಸಬೇಡಿ. ಸಾಕ್ಸಿನ ಇಲಾಸ್ಟಿಕ್ ಗುರುತು ಕಾಲಿನಿಂದ ಹೋಗಲು ಹೊತ್ತು ಬೇಕು, ಬರುವಾಗಲೇ ಸಡಿಲ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಹಿಂದಿನ ದಿನವೇ ಹೇಳಿ. ವಾಪಸ್ ಕೊಡಬೇಕಾದ ಶೂಗಳ ಅಡಿಗೆ ಟೇಪ್ ಅಂಟಿಸಿ. ಸರದಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವ ಗೋಡೆಗೆ ಹಚ್ಚಿ. ಆ ಎಲ್ಲರಲ್ಲಿ ಮಾಡೆಲ್ ಕೂಡ ಇರಲಿ.

ಮಾನಿಟರ್ ಮುಂದಿನ ಗುಂಪು

ಕೇಬಲ್ ಹಾಕಿ ಮಾನಿಟರ್ ಇಟ್ಟಾಗಿನಿಂದ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ. ಕಾಲರ್ ಮಡಚಿಕೊಂಡದ್ದು, ಗುಂಡಿ ಓರೆಯಾದದ್ದು ಆಗಲೇ ಕಣ್ಣಿಗೆ ಬೀಳುತ್ತದೆ. ಆದರೆ ಮಾನಿಟರ್ ಮುಂದೆ ಒಂದು ಗುಂಪು ಸೇರುತ್ತದೆ. ಒಬ್ಬರು ಗದ್ದ ಮೇಲೆ ಅನ್ನುತ್ತಾರೆ, ಇನ್ನೊಬ್ಬರು ಕೆಳಗೆ ಅನ್ನುತ್ತಾರೆ. ಒಂದು ದಿನ ಆ ಗುಂಪಿನಲ್ಲಿ ಯಾರೋ ಫೋನಿನಲ್ಲಿ ಏನೋ ತೋರಿಸಿದರು, ಮೂರ್ನಾಲ್ಕು ಜನ ಜೋರಾಗಿ ನಕ್ಕರು. ಶೂಟಿಗೂ ಆ ನಗುವಿಗೂ ಸಂಬಂಧವೇ ಇಲ್ಲ. ಆದರೆ ಅದೇ ಹೊತ್ತಿಗೆ ಒಂದು ಚಿತ್ರ ಪರದೆ ಮೇಲೆ ಬಂದಿತ್ತು. ಲೈಟಿನ ಆ ಕಡೆ ನಿಂತವರಿಗೆ ಫೋನ್ ಕಾಣಲಿಲ್ಲ, ನಗು ಮಾತ್ರ ಕೇಳಿಸಿತು. ಆಮೇಲಿನ ಫ್ರೇಮ್‌ಗಳನ್ನು ಇವತ್ತು ತೆಗೆದು ನೋಡಿದರೂ ಎಲ್ಲಿಂದ ಶುರುವಾಯಿತು ಅಂತ ಬೆರಳಿಟ್ಟು ತೋರಿಸಬಹುದು. ತುಟಿ ಬಿಗಿಯಾಗಿದೆ. ಕೈಗಳು ಮೈಗೆ ಅಂಟಿಕೊಂಡಿವೆ. ವಿವರಿಸಿ ಹೇಳಿದೆವು, ಅವರೂ "ಅಯ್ಯೋ, ಪರವಾಗಿಲ್ಲ" ಅಂದರು. ಮುಖ ಮಾತ್ರ ಬೇಗ ವಾಪಸ್ ಬರಲಿಲ್ಲ.

ಈಗ ನಾನು ಮಾಡುವುದು ಇಷ್ಟು. ಮಾಡೆಲ್ ಜೊತೆ ಮಾತಾಡುವುದು ಒಬ್ಬರೇ. ಮಿಕ್ಕವರು ಏನಿದ್ದರೂ ಆ ಒಬ್ಬರ ಕಿವಿಗೆ ಹೇಳಬೇಕು. ಬ್ರ್ಯಾಂಡಿನ ಮುಖ್ಯಸ್ಥರಾದರೂ ಅಷ್ಟೇ. ಮೊದಲ ಸಲ ಹೇಳುವಾಗ ಕೆಲವರ ಮುಖ ಸಪ್ಪಗಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತದೆ. ಮಾಡೆಲ್‌ಗೆ ಚಿತ್ರ ತೋರಿಸಬೇಕೋ ಬೇಡವೋ ಅನ್ನುವುದರಲ್ಲಿ ಎರಡು ಪಂಗಡ ಇದೆ. ತೋರಿಸಿದರೆ ತಮ್ಮ ಮೂಗನ್ನೋ ತೋಳನ್ನೋ ನೋಡಿಕೊಂಡು ಅದನ್ನೇ ಮುಚ್ಚಿಡಲು ನೋಡುತ್ತಾರೆ ಅನ್ನುವುದು ಒಂದು ವಾದ. ಅದರಲ್ಲಿ ಸತ್ಯ ಇದೆ. ಆದರೂ ಪೂರ್ತಿ ಕತ್ತಲಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ಲುಕ್ಕಿನಲ್ಲಿ ಚೆನ್ನಾಗಿ ಬಂದ ಒಂದೇ ಒಂದು ಫ್ರೇಮ್ ತೋರಿಸುತ್ತೇನೆ. "ಲೈಟ್ ಈ ಕೆನ್ನೆ ಮೇಲೆ ಹೀಗೆ ಬೀಳ್ತಿದೆ, ಕೋಟಿನ ಹೆಗಲು ಹೀಗೆ ಕೂತಿದೆ" ಅಂತ ಹೇಳುತ್ತೇನೆ. ಅನುಭವಸ್ಥರಿಗೆ ಅಷ್ಟು ಸಾಕು. ಬೆಳಕು ಎಲ್ಲಿದೆ ಅಂತ ಗೊತ್ತಾದರೆ ಅವರೇ ಅದರೊಳಗೆ ಹೆಜ್ಜೆ ಇಡುತ್ತಾರೆ. ನಾನು ಹೇಳುವುದಕ್ಕಿಂತ ಚೆನ್ನಾಗಿಯೇ ಮಾಡುತ್ತಾರೆ.

ಮುಟ್ಟುವ ಮುಂಚೆ ಹೇಳಬೇಕು ಅನ್ನುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಹಿಂದಿನಿಂದ ಬಂದು ಕಾಲರ್ ಎಳೆಯುವ ಕೈ ಯಾರದ್ದು ಅಂತ ಗೊತ್ತಿಲ್ಲದೆ ಬೆಚ್ಚಿಬಿದ್ದವರನ್ನು ನೋಡಿದ್ದೇನೆ. "ಬೆನ್ನ ಹತ್ತಿರ ಬರ್ತಿದ್ದೀನಿ, ಜಿಪ್ ಸರಿ ಮಾಡ್ಲಾ?" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಬಟ್ಟೆ ಬದಲಿಸುವ ಜಾಗಕ್ಕೆ ಪರದೆ ಇರಬೇಕು, ಅದರ ಒಳಗೆ ಯಾರು ಬರಬಹುದು ಅನ್ನುವುದು ಬೆಳಗ್ಗೆಯೇ ತೀರ್ಮಾನ ಆಗಿರಬೇಕು. ಇನ್ನೊಂದು ವಿಷಯ, ಸೀಸನ್‌ಗೆ ತಿಂಗಳುಗಳ ಮುಂಚೆ ಶೂಟ್ ಆಗುವುದರಿಂದ ಸೆಕೆಯಲ್ಲಿ ಉಣ್ಣೆ ಕೋಟು, ಚಳಿಯಲ್ಲಿ ತೆಳು ಬಟ್ಟೆ ಹಾಕಿಸುವುದು ಈ ಕೆಲಸದ ಹಣೆಬರಹ. ಕೋಟಿನೊಳಗೆ ಬೇಯುತ್ತಿರುವವರು ತಾವಾಗಿ ಸಾಕು ಅನ್ನುವುದು ಕಡಿಮೆ. ಕೇಳಬೇಕು. ನೀರು, ಅದರ ಜೊತೆ ಸ್ಟ್ರಾ. ಲಿಪ್‌ಸ್ಟಿಕ್ ಹಾಳಾಗುತ್ತದೆ ಅಂತ ಬಾಯಾರಿ ಕೂರುವವರು ಇದ್ದಾರೆ.

ಚಿತ್ರ ಹೊರಗೆ ಹೋದ ಮೇಲೆ

ಶೂಟ್ ಮುಗಿದ ಮೇಲೂ ಮಾಡೆಲ್ ಕತ್ತಲಲ್ಲೇ ಉಳಿಯುತ್ತಾರೆ. ಯಾವ ಫ್ರೇಮ್ ಆರಿಸಿದರು, ಏನೇನು ತಿದ್ದಿದರು ಅಂತ ಅವರಿಗೆ ಗೊತ್ತಾಗುವುದು ಜಾಹೀರಾತು ಕಂಡಾಗ. ಗಂಟಲ ಹತ್ತಿರ ಸಿಕ್ಕಿಕೊಂಡ ದಾರ, ಕೆನ್ನೆ ಮೇಲೆ ಇವತ್ತು ಎದ್ದ ಮೊಡವೆ, ಇವನ್ನು ತೆಗೆಯುವುದಕ್ಕೆ ಯಾರ ತಕರಾರೂ ಇಲ್ಲ. ಸೊಂಟ ಒಳಗೆ ತಳ್ಳುವುದು ಬೇರೆ ವಿಷಯ. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್ 1ರಿಂದ, ಮಾಡೆಲ್‌ನ ಮೈಯನ್ನು ತೆಳ್ಳಗೆ ಇಲ್ಲವೇ ದಪ್ಪ ಮಾಡಿ ತಿದ್ದಿದ ಜಾಹೀರಾತು ಚಿತ್ರದ ಮೇಲೆ ಅದು ತಿದ್ದಿದ ಚಿತ್ರ ಅಂತ ನಮೂದಿಸುವುದು ಕಡ್ಡಾಯ. ನಾರ್ವೆಯಲ್ಲೂ 2022ರ ಜುಲೈನಿಂದ ಇಂಥದ್ದೇ ನಿಯಮ ಬಂದಿದೆ, ಸೋಶಿಯಲ್ ಮೀಡಿಯಾದಲ್ಲಿ ದುಡ್ಡು ತಗೊಂಡು ಹಾಕುವ ಪೋಸ್ಟ್‌ಗಳಿಗೂ ಅದು ಅನ್ವಯ. ಈ ಕಾನೂನುಗಳು ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಒಳ್ಳೆಯದೇ. ಆದರೆ ಯಾರ ಸೊಂಟವೋ ಅವರಿಗೆ ಮೊದಲು ಹೇಳಬೇಕಲ್ವಾ? ಅದನ್ನು ಯಾರೂ ಕೇಳುತ್ತಿಲ್ಲ. ಬಟ್ಟೆ ಮಾರುವವರ ದೃಷ್ಟಿಯಿಂದ ನೋಡಿದರೂ ಇದು ಪೆದ್ದುತನ. ಚಿತ್ರದಲ್ಲಿರುವ ಹಾಗೆ ಆ ಬಟ್ಟೆ ಯಾರ ಮೈಮೇಲೂ ಕೂರುವುದಿಲ್ಲ, ಕೊಂಡವರು ವಾಪಸ್ ಕಳಿಸುತ್ತಾರೆ.

ಹಾಗಾಗಿ ಒಪ್ಪಂದದ ಕಾಗದದಲ್ಲಿ ಇದನ್ನೂ ಸೇರಿಸುತ್ತಿದ್ದೇನೆ. ಚಿತ್ರ ಎಲ್ಲೆಲ್ಲಿ ಬಳಸುತ್ತಾರೆ, ಎಷ್ಟು ಕಾಲ, ಅವಧಿ ಮುಗಿದ ಮೇಲೆ ಬಳಸಿದರೆ ಏನು ಅನ್ನುವುದು ಹೇಗೂ ಇರಬೇಕು. ಅದರ ಜೊತೆಗೆ ಮೈಯ ಆಕಾರ ತಿದ್ದುವುದಿಲ್ಲ ಅನ್ನುವ ಒಂದು ಸಾಲು. ಈ ಕಾಗದವನ್ನು ಮೇಕಪ್ ಮುಗಿದು ಲೈಟ್ ಮುಂದೆ ನಿಂತವರ ಕೈಗೆ ಪೆನ್ನಿನ ಜೊತೆ ಕೊಡಬಾರದು, ಆಗ ಯಾರು ಓದುತ್ತಾರೆ? ಎರಡು ದಿನ ಮುಂಚೆ ಕಳಿಸಬೇಕು. ಇನ್ನು ಚಿತ್ರಗಳು. ಹೊರಗೆ ಬರುವವರೆಗೆ ಹಂಚಬಾರದು ಅನ್ನುವ ಷರತ್ತು ಇರುತ್ತದೆ, ಅದು ಬ್ರ್ಯಾಂಡಿನವರ ಹಕ್ಕು. ಹೊರಗೆ ಬಂದ ದಿನವೇ ಆರಿಸಿದ ಫ್ರೇಮ್‌ಗಳನ್ನು ಮಾಡೆಲ್‌ಗೂ, ಸ್ಟೈಲಿಸ್ಟ್‌ಗೂ, ಮೇಕಪ್ ಮಾಡಿದವರಿಗೂ ಕಳಿಸುವುದಕ್ಕೆ ಏನೂ ಅಡ್ಡಿಯಿಲ್ಲ. ತಿಂಗಳುಗಟ್ಟಲೆ ಕೇಳಿ ಕೇಳಿ ಸುಸ್ತಾಗಿ, ಕೊನೆಗೆ ಜಾಹೀರಾತಿನ ಫೋಟೋವನ್ನೇ ಫೋನಿನಲ್ಲಿ ತೆಗೆದು ತಮ್ಮ ಪೋರ್ಟ್‌ಫೋಲಿಯೋಗೆ ಹಾಕಿಕೊಂಡ ಮಾಡೆಲ್‌ಗಳು ಬೇಕಾದಷ್ಟು ಜನ ಇದ್ದಾರೆ. ಕಳಿಸುವ ತಾರೀಖು ಗೊತ್ತಿದ್ದರೆ ಶೂಟ್ ಮುಗಿದ ಸಂಜೆಯೇ ಬರೆದು ತಿಳಿಸುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯುತ್ತೇನೆ.